ಮನೆಯ ಬಾಗಿಲೂ ಕಂದಾಯದ ಪುಸ್ತಕವೂ

(ಕಾರ್ಯಕರ್ತರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯ ಮೇಲ್ನೋಟಕ್ಕೆ ಗುಮಾಸ್ತರ ಮೇಜಿಗೆ ಸೇರಿದ್ದೆಂದು ಕಾಣುತ್ತದೆ. ಮನೆ ಕಂದಾಯದ ಪುಸ್ತಕದಲ್ಲಿ ಮಾಲೀಕರ ಹೆಸರು, ವಿಳಾಸ ಇರುತ್ತವಲ್ಲ, ಅವನ್ನು ಊರಿಗೆಲ್ಲ ತೆರೆದಿಡಬೇಕೇ, ಮುಚ್ಚಿಡಬೇಕೇ ಎಂಬುದೇ ಪ್ರಶ್ನೆ. ಸರ್ಕಾರದ ಕಡತಗಳು ಜನರ ಮುಂದೆ ತೆರೆದಿರಬೇಕೆಂದು ಜಗಳವಾಡುತ್ತ ಬಂದವರು ನಾವು. ನಮ್ಮ ಬಾಯಿಂದ ‘ಇಷ್ಟನ್ನು ಮುಚ್ಚಿಡಿ’ ಎಂಬ ಮಾತು ಬರಬಹುದೇ? ಬರಬಹುದು, ಆದರೆ ಅಳತೆ ತಪ್ಪಬಾರದು. ಆ ಅಳತೆ ಯಾವುದೆಂಬುದನ್ನೇ ಈಗ ವಿಚಾರ ಮಾಡೋಣ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ನಾವು ಮೇಷ್ಟರಾಗಿದ್ದ ದಿನಗಳಲ್ಲಿ ಒಬ್ಬಾತ ಶಾಲೆಗೆ ಬಂದು, ‘ಮಗಳ ವಿಳಾಸ ಸರಿಯಾಗಿ ಬರೆದಿದೆಯೇ, ಸ್ವಲ್ಪ ನೋಡಿ ಮೇಷ್ಟ್ರೇ’ ಎಂದ. ದಾಖಲಾತಿ ಪುಸ್ತಕ ತೆಗೆದು ಓದಿ ಹೇಳಿದೆವು. ತಂದೆಯಲ್ಲವೇ, ಮರೆಮಾಚುವುದೇನಿದೆ ಎಂದುಕೊಂಡೆವು. ಆತನ ಹೊಡೆತ ತಾಳಲಾರದೆ ಹೆಂಡತಿ ಮಗಳನ್ನು ಕರೆದುಕೊಂಡು ಬೇರೆ ಕೇರಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಳೆಂಬುದು ನಮಗೆ ತಿಳಿದದ್ದು ಮಾರನೆಯ ದಿನ. ಆಕೆ ಕೈಗೆ ಬಟ್ಟೆ ಸುತ್ತಿಕೊಂಡು ಶಾಲೆಯ ಮೆಟ್ಟಿಲ ಬಳಿ ಬಂದು ನಿಂತಾಗ. ‘ನೀವೇ ಹೇಳಿದ್ರಂತಲ್ಲ ಸಾರ್’ ಎಂದಳು. ಬೈಯಲಿಲ್ಲ. ಅದೇ ವಾರ ಹುಡುಗಿಯ ವರ್ಗಾವಣೆ ಪತ್ರ ತೆಗೆದುಕೊಂಡು ಹೋದಳು. ಯಾವ ಊರಿಗೆಂದು ಕೇಳಿದೆವು, ಹೇಳಲಿಲ್ಲ. ಹೇಳದೆ ಇದ್ದದ್ದೇ ಸರಿ. ವಿಳಾಸವೆಂದರೆ ಬರೀ ಮೂರು ಸಾಲಿನ ಬರಹವಲ್ಲ, ಕೆಲವರ ಪಾಲಿಗೆ ಅದು ಬಾಗಿಲ ಅಗುಳಿ ಎಂಬುದನ್ನು ನಾವು ಕಲಿತದ್ದು ಹೀಗೆ.

ಈ ಪ್ರಶ್ನೆ ಇಂದು ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗಿರುವುದು ಅಮೆರಿಕದಲ್ಲಿ, ಅದರಲ್ಲೂ ನ್ಯೂಜೆರ್ಸಿ ರಾಜ್ಯದಲ್ಲಿ. ೨೦೨೦ರ ಜುಲೈ ೧೯ರಂದು ಅಲ್ಲಿನ ಫೆಡರಲ್ ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಮನೆಯ ಬಾಗಿಲಿಗೆ ಪಾರ್ಸೆಲ್ ತಂದವನ ವೇಷದಲ್ಲಿ ಒಬ್ಬ ಬಂದ. ಅವನು ವಕೀಲ, ಹಿಂದೆ ಆ ನ್ಯಾಯಾಧೀಶೆಯ ಮುಂದೆಯೇ ಮೊಕದ್ದಮೆ ನಡೆಸಿದ್ದವನು. ಇಪ್ಪತ್ತು ವರ್ಷದ ಮಗ ಡೇನಿಯಲ್‌ನನ್ನು ಗುಂಡಿಟ್ಟು ಕೊಂದ, ಗಂಡನನ್ನು ಗಾಯಗೊಳಿಸಿದ. ತಮ್ಮ ಮನೆಯ ವಿಳಾಸ ಯಾರಿಗಾದರೂ ಸುಲಭವಾಗಿ ಸಿಕ್ಕುವಂತಿತ್ತೆಂದು ಆ ತಾಯಿ ಮಗನನ್ನು ಕಳೆದುಕೊಂಡ ಮೇಲೆ ಬಹಿರಂಗವಾಗಿ ಹೇಳಿದರು. ಅದೇ ವರ್ಷದ ನವೆಂಬರಿನಲ್ಲಿ ‘ಡೇನಿಯಲ್ ಕಾನೂನು’ ಬಂತು. ನ್ಯಾಯಾಧೀಶರು, ಸರ್ಕಾರಿ ಅಭಿಯೋಜಕರು, ಪೊಲೀಸರು ಬೇಡಿಕೊಂಡರೆ ಅವರ ಮನೆಯ ವಿಳಾಸವನ್ನು ಸಾರ್ವಜನಿಕ ದಾಖಲೆಯಲ್ಲಿ ಕಾಣಿಸಬಾರದು. ಖಾಸಗಿ ಕಂಪನಿಗಳೂ ತಿಳುವಳಿಕೆ ಪತ್ರ ತಲುಪಿದ ಹತ್ತು ಕೆಲಸದ ದಿನಗಳೊಳಗೆ ಅದನ್ನು ತೆಗೆಯಬೇಕು. ೨೦೨೨ರ ಡಿಸೆಂಬರಿನಲ್ಲಿ ಫೆಡರಲ್ ನ್ಯಾಯಾಧೀಶರಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನೂ ಆಯಿತು.

ಇದರಲ್ಲಿ ಕಂದಾಯದ ಪುಸ್ತಕ ಎಲ್ಲಿ ಬಂತು? ಅಲ್ಲಿ ಪ್ರತಿ ಊರಿನ ತೆರಿಗೆ ಪಟ್ಟಿಯಲ್ಲೂ ನಿವೇಶನದ ಸಂಖ್ಯೆ, ಬೀದಿ, ಮಾಲೀಕನ ಹೆಸರು, ಮನೆಯ ಬೆಲೆ, ಕಟ್ಟಬೇಕಾದ ತೆರಿಗೆ ಸಾಲಾಗಿರುತ್ತವೆ. ಹಿಂದೆ ಅದನ್ನು ನೋಡಬೇಕಾದರೆ ಕಚೇರಿಗೆ ಹೋಗಬೇಕಿತ್ತು, ಗುಮಾಸ್ತನನ್ನು ಕೇಳಬೇಕಿತ್ತು, ಪುಟ ತಿರುವಬೇಕಿತ್ತು. ಕೇಳಿದವನ ಮುಖವನ್ನು ಒಬ್ಬರಾದರೂ ನೋಡುತ್ತಿದ್ದರು. ಈಗ ಸಾವಿರ ಮೈಲಿ ದೂರದಲ್ಲಿ ಕುಳಿತವನು ಹೆಸರು ಬರೆದು ಗುಂಡಿ ಒತ್ತಿದರೆ ಮನೆ ಸಿಗುತ್ತದೆ. ಅಂಥ ಪಟ್ಟಿಗಳನ್ನು ಸಗಟಾಗಿ ಎತ್ತಿಕೊಂಡು ಹೋಗಿ ಚಿಲ್ಲರೆಯಾಗಿ ಮಾರುವ ಕಂಪನಿಗಳೇ ಹುಟ್ಟಿಕೊಂಡಿವೆ. ಪುಸ್ತಕ ಹಳೆಯದೇ, ಅದನ್ನು ಓದುವ ಬಗೆ ಬದಲಾಗಿದೆ.

ಹಾಗಾದರೆ ಎಲ್ಲವನ್ನೂ ಮುಚ್ಚಿಬಿಡೋಣವೇ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ನ್ಯೂಜೆರ್ಸಿಯಲ್ಲಿ ೨೦೨೪ರಲ್ಲಿ ಮನೆಯೊಂದಕ್ಕೆ ಸರಾಸರಿ ಆಸ್ತಿ ತೆರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲಿತ್ತು. ಅದರಲ್ಲಿ ಸುಮಾರು ಅರ್ಧಪಾಲು ಶಾಲೆಗಳಿಗೆ ಹೋಗುತ್ತದೆ. ಇಷ್ಟು ಹಣ ಕೊಡುವವನಿಗೆ, ಪಕ್ಕದ ಬಂಗಲೆಯವನು ತನ್ನ ಪಾಲು ಕೊಡುತ್ತಿದ್ದಾನೆಯೇ ಎಂದು ನೋಡುವ ಹಕ್ಕು ಬೇಡವೇ?

ಷಿಕಾಗೋ ನಗರದಲ್ಲಿ ಆದದ್ದನ್ನು ಕೇಳಿ. ೨೦೧೭ರಲ್ಲಿ ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆ ಅಲ್ಲಿನ ಕುಕ್ ಕೌಂಟಿಯ ತೆರಿಗೆ ದಾಖಲೆಗಳನ್ನು ಶೋಧಿಸಿ, ಬಡವರ ಕೇರಿಯ ಮನೆಗಳಿಗೆ ನಿಜಬೆಲೆಗಿಂತ ಹೆಚ್ಚು, ಶ್ರೀಮಂತರ ಮನೆಗಳಿಗೆ ನಿಜಬೆಲೆಗಿಂತ ಕಡಿಮೆ ಬೆಲೆ ಕಟ್ಟುತ್ತ ಬಂದಿದ್ದನ್ನು ತೋರಿಸಿತು. ಅಂದರೆ ಬಡವ ತನ್ನ ಪಾಲಿನ ಜೊತೆಗೆ ಧನಿಕನ ಪಾಲನ್ನೂ ಕಟ್ಟುತ್ತಿದ್ದ! ಬೆಲೆ ಕಟ್ಟುವ ಅಧಿಕಾರಿ ಅಲ್ಲಿ ಚುನಾಯಿತ. ಮರುವರ್ಷ ತನ್ನ ಪಕ್ಷದೊಳಗಿನ ಚುನಾವಣೆಯಲ್ಲೇ ಸೋತ. ದಾಖಲೆ ಮುಚ್ಚಿದ್ದರೆ ಈ ಅನ್ಯಾಯ ಹೊರಗೆ ಬರುತ್ತಿರಲಿಲ್ಲ.

ಆದರೆ ಒಂದನ್ನು ಗಮನಿಸಬೇಕು. ಆ ಅನ್ಯಾಯ ಕಂಡುಹಿಡಿಯಲು ಬೇಕಾದದ್ದು ಮನೆ ಎಲ್ಲಿದೆ, ಬೆಲೆಯೆಷ್ಟು, ತೆರಿಗೆಯೆಷ್ಟು ಎಂಬ ಮೂರು ಸಂಗತಿ. ಅದರೊಳಗೆ ಮಲಗುವವರ ಹೆಸರು ಬೇಕಾಗಲಿಲ್ಲ. ಅಪಾಯವಿರುವುದು ಹೆಸರಿನಲ್ಲೂ ಅಲ್ಲ, ಬೀದಿಯಲ್ಲೂ ಅಲ್ಲ. ಎರಡನ್ನೂ ಹೆಣೆಯುವ ಗಂಟಿನಲ್ಲಿ. ಆ ಗಂಟನ್ನು ಎಲ್ಲಿ ಬಿಚ್ಚಬೇಕು, ಎಲ್ಲಿ ಬಿಚ್ಚಬಾರದು ಎಂಬುದೇ ನಮ್ಮ ಪ್ರಶ್ನೆ. ನ್ಯೂಜೆರ್ಸಿಯಲ್ಲಿ ಗಂಟು ಬಿಚ್ಚುವ ಶ್ರಮವೇ ಬೇಡವೆಂದು, ರಾಜ್ಯ ಪ್ರಕಟಿಸುವ ನಿವೇಶನಗಳ ಪಟ್ಟಿಯಿಂದ ಮಾಲೀಕರ ಹೆಸರುಗಳನ್ನೇ ತೆಗೆದರು. ಇದರಿಂದ ಒಂದೇ ಮನೆಯ ಪೊಲೀಸನಿಗೆ ಸಿಕ್ಕ ಮರೆ ನೂರು ಬಾಡಿಗೆ ಮನೆಗಳ ಧಣಿಗೂ ಸಿಕ್ಕಿತು. ಸೋರುವ ಮಾಡಿನ ಕೆಳಗಿರುವ ಬಾಡಿಗೆದಾರ ಮನೆಯ ಒಡೆಯ ಯಾರೆಂದು ಹುಡುಕುವುದು ಎಲ್ಲಿ?

ಅದೇ ರಾಜ್ಯದ ಇನ್ನೊಂದು ಮೊಕದ್ದಮೆ ನಮ್ಮಂಥ ಸಣ್ಣ ಪತ್ರಿಕೆಯವರು ನೆನಪಿಡಬೇಕಾದದ್ದು. ನ್ಯೂ ಬ್ರನ್ಸ್‌ವಿಕ್ ಪಟ್ಟಣದ ಸಣ್ಣ ಪತ್ರಿಕೆಯ ಸಂಪಾದಕರು, ಆ ಪಟ್ಟಣದ ಪೊಲೀಸ್ ಆಡಳಿತ ನಡೆಸುವ ಅಧಿಕಾರಿ ಎರಡು ಗಂಟೆ ಪ್ರಯಾಣದಷ್ಟು ದೂರದ ಕೇಪ್ ಮೇ ಊರಿನಲ್ಲಿ ವಾಸವಾಗಿರುವುದನ್ನು ಸಾರ್ವಜನಿಕ ದಾಖಲೆಯಿಂದಲೇ ಕಂಡುಹಿಡಿದರು. ವಿಳಾಸ ಪ್ರಕಟಿಸಬಾರದೆಂದು ೨೦೨೩ರಲ್ಲಿ ಆ ಅಧಿಕಾರಿ ಅವರಿಗೆ ನೋಟೀಸು ಕೊಟ್ಟರು. ೨೦೨೫ರ ಜೂನಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು. ಅಧಿಕಾರಿ ಇಂಥ ಊರಿನಲ್ಲಿ ವಾಸಿಸುತ್ತಾರೆಂದು ಬರೆಯಬಹುದು, ಬೀದಿ ಮತ್ತು ಮನೆಯ ಸಂಖ್ಯೆ ಬರೆಯಬಾರದು ಎಂಬುದು ಅದರ ತಿರುಳು. ಊರ ಹೆಸರು ಜನರ ಹಕ್ಕು, ಮನೆಯ ಸಂಖ್ಯೆ ಮನೆಯವರದು. ಈ ಗೆರೆ ನಮಗೆ ನ್ಯಾಯವೆಂದೇ ತೋರುತ್ತದೆ. ಆದರೆ ನೋಟೀಸಿನ ಹೆದರಿಕೆಗೆ ಊರ ಹೆಸರನ್ನೂ ಬರೆಯದೆ ಬಿಡುವ ಸಂಪಾದಕರು ಎಷ್ಟು ಜನರೋ! ಆದ್ದರಿಂದ ಆ ಹಕ್ಕು ಕಾನೂನಿನ ಪಠ್ಯದಲ್ಲೇ ಇರಬೇಕು.

ಇನ್ನೊಂದು ಮಾತು. ಹೊಡೆತ ತಿಂದು ಓಡಿಬಂದ ಹೆಂಗಸರಿಗಾಗಿ ವಾಷಿಂಗ್ಟನ್ ರಾಜ್ಯ ೧೯೯೧ರಲ್ಲೇ ಒಂದು ಏರ್ಪಾಡು ಮಾಡಿತ್ತು. ಸರ್ಕಾರವೇ ಬದಲಿ ವಿಳಾಸ ಕೊಡುತ್ತದೆ, ಅಲ್ಲಿಗೆ ಬಂದ ಟಪಾಲನ್ನು ಆಕೆಯ ನಿಜವಾದ ಮನೆಗೆ ಕಳಿಸುತ್ತದೆ. ಈಗ ಬಹುತೇಕ ರಾಜ್ಯಗಳಲ್ಲಿ ಇಂಥದ್ದಿದೆ. ಆದರೆ ಹಲವು ಕಡೆ ಈ ರಕ್ಷಣೆ ಆಸ್ತಿ ದಾಖಲೆಗಳ ತನಕ ತಾನಾಗಿ ಹೋಗುವುದಿಲ್ಲ. ಆಕೆ ಕಷ್ಟಪಟ್ಟು ಸ್ವಂತ ಮನೆ ಕೊಂಡರೆ ಅದೇ ಮನೆ ಅವಳನ್ನು ಹಿಡಿದುಕೊಡುತ್ತದೆ. ನ್ಯಾಯಾಧೀಶೆಯ ದುಃಖಕ್ಕೆ ಕಾನೂನು ನಾಲ್ಕು ತಿಂಗಳಲ್ಲಿ ಬಂತು, ಅದು ಬರಬೇಕಾದದ್ದೇ. ಹೆಸರಿಲ್ಲದ ಹೆಂಗಸಿನ ಭಯಕ್ಕೂ ಅದೇ ಅವಸರ ಇರಬೇಕೆಂಬುದಷ್ಟೇ ನಮ್ಮ ತಕರಾರು.

ಈಗ ನಮ್ಮ ನಾಡಿಗೆ ಬರೋಣ. ಧಾರವಾಡದಲ್ಲಿ ಕಲಬುರ್ಗಿಯವರನ್ನು ೨೦೧೫ರಲ್ಲಿ, ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ೨೦೧೭ರಲ್ಲಿ ಕೊಂದದ್ದು ಅವರವರ ಮನೆಯ ಬಾಗಿಲಲ್ಲೇ. ಆ ಮನೆಗಳು ಕಂದಾಯದ ಪಟ್ಟಿಯಿಂದ ಸಿಕ್ಕವೆಂದು ನಾವು ಹೇಳುತ್ತಿಲ್ಲ. ಬಾಗಿಲಿಗೆ ಸಾವು ಬರುವುದೆಂದರೇನೆಂದು ನಮಗೂ ಗೊತ್ತಿದೆ ಎಂದಷ್ಟೇ ಹೇಳುತ್ತೇವೆ. ೨೦೧೭ರಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ಇನ್ನೊಂದು ಬದಿಯೂ ನಮ್ಮದೇ. ೧೯೭೪ರ ಭೂಸುಧಾರಣೆಯ ಕಾಲದಲ್ಲಿ ಪಹಣಿಯಲ್ಲಿ ಹೆಸರಿಲ್ಲದ ಗೇಣಿದಾರ ನ್ಯಾಯಮಂಡಳಿಯ ಮುಂದೆ ಎಷ್ಟು ಪಾಡುಪಟ್ಟನೆಂಬುದನ್ನು ಹಿರಿಯರು ಹೇಳುತ್ತಾರೆ. ಇವತ್ತು ಪಹಣಿ ಎಲ್ಲರಿಗೂ ಕಾಣುತ್ತದೆ; ಅದರಿಂದ ಎಷ್ಟೋ ಮೋಸ ಬಯಲಾಗುತ್ತದೆ. ೨೦೨೪ರ ಅಕ್ಟೋಬರಿನಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಲಕ್ಷಾಂತರ ಆಸ್ತಿಗಳ ಕರಡು ಇ-ಖಾತೆಯನ್ನು ವಾರ್ಡುವಾರು ಮಾಲೀಕರ ಹೆಸರಿನೊಡನೆ ಅಂತರ್ಜಾಲದಲ್ಲಿ ಇಟ್ಟಿತು. ತನ್ನ ನಿವೇಶನ ಬೇರೆಯವನ ಹೆಸರಿಗೆ ಏರಿದೆಯೇ ಎಂದು ನೋಡಲು ಇದು ಒಳ್ಳೆಯದು. ಅಡಗಿ ಬದುಕುವವರಿಗೆ ಒಳ್ಳೆಯದೇ? ಅತ್ತ ದಿಲ್ಲಿಯಲ್ಲಿ ೨೦೨೩ರ ದತ್ತಾಂಶ ರಕ್ಷಣೆ ಕಾನೂನು ಮಾಹಿತಿ ಹಕ್ಕಿನ ಎಂಟನೆಯ ಕಲಮನ್ನೇ ತಿದ್ದಿತು. ೨೦೨೫ರ ನವೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೂ ಬಂತು. ‘ವೈಯಕ್ತಿಕ’ ಎಂಬ ಒಂದೇ ಮಾತಿನಿಂದ ಅರ್ಜಿ ತಳ್ಳಿಹಾಕಲು ಅಧಿಕಾರಿಗೆ ದಾರಿಯಾಯಿತು. ಬಡವಳ ಬಾಗಿಲಿಗೆ ಅಗುಳಿ ಇಲ್ಲ, ಅಧಿಕಾರಿಯ ಬೀರುವಿಗೆ ಬೀಗ ಬಿತ್ತು!

ಆದ್ದರಿಂದ ನಾವು ಕೇಳಬೇಕಾದದ್ದು ನಾಲ್ಕು. ಒಂದು: ಆಸ್ತಿ ಎಲ್ಲಿದೆ, ಅಳತೆ, ಬೆಲೆ, ತೆರಿಗೆ, ಬಾಕಿ ಎಲ್ಲರಿಗೂ ತೆರೆದಿರಲಿ. ಎರಡು: ಬಾಡಿಗೆಗೆ ಬಿಟ್ಟ ಮನೆಗಳು, ಖಾಲಿ ನಿವೇಶನಗಳು, ಕಂಪನಿಗಳ ಆಸ್ತಿ ಇವುಗಳ ಒಡೆಯರ ಹೆಸರೂ ತೆರೆದಿರಲಿ; ತಾನು ವಾಸಿಸುವ ಒಂದು ಮನೆಯನ್ನು ಮಾತ್ರ ಹೆಸರು ಹಿಡಿದು ದೂರದಿಂದ ಹುಡುಕಲು ಬರಬಾರದು. ಮೂರು: ಅಪಾಯದಲ್ಲಿರುವ ಯಾರೇ ಆಗಲಿ, ಹೊಡೆತ ತಿಂದವಳು, ಜಾತಿ ಮೀರಿ ಮದುವೆಯಾದವರು, ಸಾಕ್ಷಿ ಹೇಳಿದವರು, ಪತ್ರಿಕೆಯವರು, ನ್ಯಾಯಾಧೀಶರು, ಕೇಳಿದರೆ ಕೆಲವೇ ದಿನಗಳಲ್ಲಿ ಬದಲಿ ವಿಳಾಸ ಸಿಗಲಿ, ಹುದ್ದೆ ನೋಡಿ ಅಲ್ಲ, ಅಪಾಯ ನೋಡಿ. ಅಧಿಕಾರದಲ್ಲಿರುವವರು ಯಾವ ಊರಿನಲ್ಲಿ ವಾಸಿಸುತ್ತಾರೆಂಬುದು ಮಾತ್ರ ಗುಟ್ಟಾಗಬಾರದು. ನಾಲ್ಕು: ಪಟ್ಟಿಯನ್ನು ಸಗಟಾಗಿ ಎತ್ತಿ ಮಾರುವುದು ಅಪರಾಧವಾಗಲಿ.

ಕೊಲ್ಲಬೇಕೆಂದು ಹೊರಟವನು ಹಿಂಬಾಲಿಸಿಯಾದರೂ ಮನೆ ಕಂಡುಹಿಡಿಯುತ್ತಾನೆ, ಇದೆಲ್ಲ ಏಕೆ ಎನ್ನುವವರಿದ್ದಾರೆ. ಕಳ್ಳ ಹೆಂಚು ತೆಗೆದು ಇಳಿಯಬಲ್ಲನೆಂದು ಯಾರೂ ಬಾಗಿಲು ತೆರೆದಿಟ್ಟು ಮಲಗುವುದಿಲ್ಲ. ಅವನಿಗೆ ಹುಡುಕಲು ಹಿಡಿಯುವ ನಾಲ್ಕು ದಿನದಲ್ಲಿ ಆಕೆ ಅಣ್ಣನ ಮನೆ ಸೇರಬಹುದು, ಠಾಣೆಗೆ ದೂರು ಕೊಡಬಹುದು.

ಕಡೆಯದಾಗಿ, ಬೇರೆಯವರಿಗೆ ಹೇಳುವ ಮೊದಲು ನಮ್ಮ ಮನೆ ಗುಡಿಸಿಕೊಳ್ಳೋಣ. ಮಂಡಲಿ ಕಚೇರಿಯ ಮೇಜಿನ ಮೇಲೆ ಸದಸ್ಯತ್ವದ ಪುಸ್ತಕ ಬಿದ್ದಿರುತ್ತದೆ; ಸದಸ್ಯರ ಹೆಸರು, ಮನೆ, ದೂರವಾಣಿ ಎಲ್ಲ ಅದರಲ್ಲಿವೆ. ಚಹಾ ಕುಡಿಯಲು ಬಂದವರೂ ಅದನ್ನು ತಿರುವುತ್ತಾರೆ. ನಾಳೆಯಿಂದ ಅದು ಬೀರುವಿನೊಳಗೆ ಇರಲಿ. ಲೆಕ್ಕಪತ್ರದ ಪುಸ್ತಕ ಮೇಜಿನ ಮೇಲೆಯೇ ಇರಲಿ, ಯಾರು ಬೇಕಾದರೂ ನೋಡಲಿ. ಯಾರಾದರೂ ಬಂದು ಒಬ್ಬ ಹೆಣ್ಣುಮಗಳ ವಿಳಾಸ ಕೇಳಿದರೆ, ಅವರು ಯಾರೇ ಆಗಿರಲಿ, ‘ನಿಮ್ಮ ಹೆಸರು ಹೇಳಿ, ಆಕೆಯನ್ನು ಕೇಳಿ ತಿಳಿಸುತ್ತೇವೆ’ ಎನ್ನಿ. ನಾವು ಆ ದಿನ ಹೇಳಬೇಕಾಗಿದ್ದದ್ದು ಈ ಮಾತನ್ನೇ.