ಸ್ಟೇರಿಂಗ್ ಹಿಡಿಯುವುದೂ ಒಂದು ವಿದ್ಯೆ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮುಖ್ಯ ಅತಿಥಿಗಳಾಗಿದ್ದ ಘನ ವಾಹನ ಚಾಲನಾ ತರಬೇತುದಾರರು ಮಾಡಿದ ಭಾಷಣದ ಬರಹರೂಪ)





ಇಂದು ಇಲ್ಲಿ ನರ್ಸಿಂಗ್, ಎಂಜಿನಿಯರಿಂಗ್, ಬಿ.ಎಡ್., ಪಿಯುಸಿ ಓದುವ ಮಕ್ಕಳ ಹೆಸರು ಕರೆದಿರಿ. ನೋಡಿ ಬಹಳ ಸಂತೋಷವಾಯಿತು. ಆದರೆ ಈ ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬ ಹುಡುಗನ ಪರವಾಗಿ ನಾನು ಮಾತಾಡಬೇಕೆಂದಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ, ಪಿಯುಸಿಗೆ ಮನಸ್ಸಿಲ್ಲ. ಮನೆಯಲ್ಲಿ ದುಡಿಯುವವರು ಕಡಿಮೆ. "ಉಮ್ಮಾ, ನಾನು ಲಾರಿಗೆ ಹೋಗುತ್ತೇನೆ" ಅನ್ನುತ್ತಾನೆ. ಆ ದಿನವೇ ಅವನು ವಿದ್ಯೆ ಬಿಟ್ಟವರ ಲೆಕ್ಕಕ್ಕೆ ಸೇರಿಬಿಡುತ್ತಾನೆ. ಅವನಿಗೆ ವಿದ್ಯಾರ್ಥಿವೇತನ ಇಲ್ಲ, ಸನ್ಮಾನ ಇಲ್ಲ, ಸಲಹೆ ಹೇಳುವವರೂ ಇಲ್ಲ.

ಲಾರಿ ಓಡಿಸುವುದು ಒಂದು ವಿದ್ಯೆ. ಅದನ್ನು ವಿದ್ಯೆಯಾಗಿಯೇ ಕಲಿಸಬೇಕು, ಅದಕ್ಕೂ ನಾವು ಸಹಾಯ ಮಾಡಬೇಕು. ಇಷ್ಟು ಹೇಳುವುದಕ್ಕೇ ನಾನು ಇಲ್ಲಿಗೆ ಬಂದದ್ದು.

ಹಿಂದೆ ಈ ಕಲಿಕೆಗೆ ಒಂದು ದಾರಿಯಿತ್ತು. ಹುಡುಗ ಕ್ಲೀನರ್ ಆಗಿ ಲಾರಿ ಹತ್ತುತ್ತಿದ್ದ. ಗಾಜು ಒರೆಸುವುದು, ಟೈರಿಗೆ ಬಡಿದು ಗಾಳಿ ನೋಡುವುದು, ಹಗ್ಗ ಬಿಗಿಯುವುದು, ಟಾರ್ಪಾಲು ಹೊದಿಸುವುದು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಕೂಗುವುದು, ಎಲ್ಲವೂ ಅವನ ಕೆಲಸ. ಎಷ್ಟೋ ಲಾರಿಗಳಲ್ಲಿ ಕ್ಲೀನರ್ ತನ್ನ ಡ್ರೈವರನ್ನು "ಉಸ್ತಾದ್" ಎಂದು ಕರೆಯುತ್ತಿದ್ದ. ಮದ್ರಸದಲ್ಲಿ ಓದಿಸುವವರನ್ನು ನಾವು ಕರೆಯುವುದೂ ಅದೇ ಹೆಸರಿನಿಂದ. ಕಲಿಸುವವನು, ಕಲಿಯುವವನು ಎಂಬ ಸಂಬಂಧ ಅಲ್ಲಿಯೂ ಇತ್ತು. ಆದರೆ ಆ ಕಲಿಕೆಗೆ ಸಂಬಳದ ಗ್ಯಾರಂಟಿ ಇರಲಿಲ್ಲ, ವಿಮೆ ಇರಲಿಲ್ಲ, ಪ್ರಮಾಣಪತ್ರ ಇರಲಿಲ್ಲ. ಉಸ್ತಾದ್ ಒಳ್ಳೆಯವನಾದರೆ ಹುಡುಗನ ಬದುಕು ಹಸನು. ಅವನು ಕುಡುಕನಾದರೆ ಹುಡುಗ ಕಲಿಯುವುದೂ ಅದನ್ನೇ.

ಈಗ ಆ ದಾರಿಯೂ ಸವೆದಿದೆ. ಬಾಡಿಗೆ ಗಿಟ್ಟುವುದಿಲ್ಲ ಎಂದು ಅನೇಕ ಮಾಲಕರು ಕ್ಲೀನರ್ ಇಲ್ಲದೆ ಒಬ್ಬನೇ ಡ್ರೈವರನ್ನು ಕಳಿಸುತ್ತಾರೆ. ಹಳೆಯ ಶಾಲೆ ಮುಚ್ಚಿತು, ಹೊಸ ಶಾಲೆಗೆ ಹುಡುಗ ಇನ್ನೂ ತಲುಪಿಲ್ಲ. ಈ ನಡುವೆ ಅವನು ಬೀಳುವುದು ಬ್ರೋಕರ್ ಕೈಗೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ತಂದೆತಾಯಂದಿರು ತಿಳಿದಿರಬೇಕು. ಕಾರು ಓಡಿಸುವ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. ಲಾರಿ, ಬಸ್ಸಿನಂಥ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಅದರ ಕಲಿಕಾ ಲೈಸೆನ್ಸ್ ಸಿಗಬೇಕಾದರೆ ಲಘು ವಾಹನದ ಲೈಸೆನ್ಸ್ ಕೈಯಲ್ಲಿದ್ದು ಕನಿಷ್ಠ ಒಂದು ವರ್ಷ ಆಗಿರಬೇಕು. ಇವು 1988ರ ಮೋಟಾರು ವಾಹನ ಕಾಯ್ದೆಯ ಮಾತುಗಳು. ಇನ್ನು 18 ತುಂಬದ ಹುಡುಗನ ಕೈಗೆ ಗಾಡಿ ಕೊಟ್ಟು ಅವನು ಅಪರಾಧ ಎಸಗಿದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಇಲ್ಲ. "ಸ್ವಲ್ಪ ಓಡಿಸಿ ಕಲಿಯಲಿ" ಎಂದು ಕೀ ಕೊಡುವ ಮಾವಂದಿರು ಇದನ್ನು ನೆನಪಿಡಬೇಕು. ಹುಡುಗ ಕನಸು ಕಾಣುವ ಕೆಲಸಕ್ಕೇ ಅವರು ಬೀಗ ಹಾಕಿದಂತಾಗುತ್ತದೆ.

2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು. ಅದನ್ನು ಕೇಳಿ "ಈಗ ಕಾರಿನ ಲೈಸೆನ್ಸಿನಲ್ಲೇ ಲಾರಿ ಓಡಿಸಬಹುದಂತೆ" ಎಂದು ಕೆಲವರು ಹೇಳುತ್ತಾರೆ. ಆ ತೀರ್ಪು 7,500 ಕಿಲೋ ಮೀರದ ವಾಹನಗಳಿಗೆ ಮಾತ್ರ. ಹತ್ತು ಚಕ್ರದ ಲಾರಿ ಲೋಡು ಸಮೇತ 28.5 ಟನ್ ತೂಗಬಹುದು. ಅದಕ್ಕೆ ಘನ ವಾಹನದ ಲೈಸೆನ್ಸ್ ಬೇಕೇ ಬೇಕು. ಸರಿಯಾದ ಲೈಸೆನ್ಸ್ ಇಲ್ಲದೆ ಅಪಘಾತವಾದರೆ ವಿಮಾ ಕಂಪನಿ ಆ ಪರಿಹಾರದ ಹಣವನ್ನು ಮಾಲಕನಿಂದ ವಸೂಲು ಮಾಡಲು ಹೊರಡಬಹುದು. ಒಂದೇ ಲಾರಿಯಿರುವ ಮಾಲಕನ ಮನೆ ಅಲ್ಲಿಗೆ ಮುಳುಗುತ್ತದೆ.

ಓದಿನ ವಿಷಯಕ್ಕೆ ಬರೋಣ. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮ ಮೊದಲು ಇತ್ತು. 2019ರಲ್ಲಿ ಕೇಂದ್ರ ಸರಕಾರ ಅದನ್ನು ತೆಗೆಯಿತು. ಹರಿಯಾಣದ ಮೇವಾತ್ ಪ್ರದೇಶದಲ್ಲಿ ಡ್ರೈವಿಂಗನ್ನೇ ನಂಬಿದ ಬಡ ಕುಟುಂಬಗಳಿವೆ, ಅವರಿಗಾಗಿ ಈ ನಿಯಮ ಸಡಿಲಿಸಿ ಎಂದು ಅಲ್ಲಿನ ಸರಕಾರ ಕೇಳಿಕೊಂಡಿತ್ತು. ದೇಶದಲ್ಲಿ ಸುಮಾರು 22 ಲಕ್ಷ ಡ್ರೈವರುಗಳ ಕೊರತೆ ಇದೆ ಎಂದು ಸಚಿವಾಲಯವೇ ಆಗ ಹೇಳಿತು. ಶಾಲೆಯ ಷರತ್ತು ತೆಗೆದರೂ ತರಬೇತಿ ಗಟ್ಟಿಯಾಗಿರಬೇಕು ಎಂದೂ ಹೇಳಿತು. ಅಂದರೆ ಬಾಗಿಲು ತೆರೆದಿದೆ, ಕೆಲಸವೂ ಇದೆ. ಇಲ್ಲದಿರುವುದು ಕಲಿಕೆ. ಕಲಿಕೆಯಿಲ್ಲದೆ ಒಳಗೆ ಹೋದರೆ ಏನಾಗುತ್ತದೆ? 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು.

ಕಲಿಕೆ ಎಂದರೆ ಏನು ಎಂದು ನಮ್ಮ ಶಿರಾಡಿ ಘಾಟಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಸಕಲೇಶಪುರ ದಾಟಿ ಗುಂಡ್ಯದ ಕಡೆ ಇಳಿಯುವ ಲಾರಿ. ಮಳೆಗಾಲ. ಡೀಸೆಲ್ ಉಳಿಯುತ್ತದೆ ಎಂದು ನ್ಯೂಟ್ರಲ್‌ಗೆ ಹಾಕಿ ಇಳಿಸುವುದನ್ನು ಯಾರೋ ಹೇಳಿಕೊಟ್ಟಿರುತ್ತಾರೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಒತ್ತುತ್ತಲೇ ಇದ್ದರೆ ಡ್ರಮ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಎಂಜಿನ್ ಆಫ್ ಮಾಡಿದರಂತೂ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ನಿಲ್ಲುತ್ತದೆ, ಸ್ಟೇರಿಂಗೂ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಲಿತವನು ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರುತ್ತಾನೆ, ಗಾಳಿಯ ಮೀಟರ್ ನೋಡುತ್ತಾನೆ, ಎಂಜಿನ್ನಿನ ಹಿಡಿತದಲ್ಲೇ ನಿಧಾನ ಇಳಿಯುತ್ತಾನೆ. ಈ ಎರಡು ಮಾತು ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ಇರುವ ಅಂತರ ಒಂದು ಜೀವ. ಎದುರಿನಿಂದ ಬರುವ ಬಸ್ಸನ್ನು ಲೆಕ್ಕ ಹಾಕಿದರೆ ನಲವತ್ತು ಜೀವ.

ಇದನ್ನು ಕಲಿಸಲು ಈಗ ವ್ಯವಸ್ಥೆಯಿದೆ. 2021ರ ಜುಲೈಯಿಂದ ಜಾರಿಯಲ್ಲಿರುವ ನಿಯಮದಂತೆ, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಘನ ವಾಹನದ ಕೋರ್ಸ್ 6 ವಾರ, 38 ಗಂಟೆ. ಪಾಠವೂ ಇದೆ, ಚಾಲನೆಯೂ ಇದೆ. ಸಿಮ್ಯುಲೇಟರ್ ಮತ್ತು ಪರೀಕ್ಷಾ ಟ್ರ್ಯಾಕ್ ಇರಲೇಬೇಕು. ಅಲ್ಲಿ ಪಾಸಾದವನಿಗೆ ಆರ್‌ಟಿಓ ಮುಂದೆ ಮತ್ತೆ ಚಾಲನಾ ಪರೀಕ್ಷೆ ಇಲ್ಲ.

ಆದರೆ 38 ಗಂಟೆ ಆರಂಭ ಮಾತ್ರ. ಆಮೇಲೆ ಅವನು ಅನುಭವಿ ಡ್ರೈವರ್ ಪಕ್ಕದಲ್ಲಿ ಕೂತು ರಾತ್ರಿ, ಮಳೆ, ಘಾಟಿ, ಪಟ್ಟಣದ ಇಕ್ಕಟ್ಟು ಎಲ್ಲವನ್ನೂ ನೋಡಬೇಕು. ಅದೇ ನಿಜವಾದ ಅಪ್ರೆಂಟಿಸ್‌ಶಿಪ್. ಸರಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಶೇಕಡಾ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರವೇ ಭರಿಸುತ್ತದೆ. ದೊಡ್ಡ ಸಾರಿಗೆ ಕಂಪನಿಗಳು ಇದನ್ನು ಬಳಸಿಕೊಳ್ಳಬಹುದು. ಆದರೆ ನಾಲ್ಕು ಜನ ಕೆಲಸಗಾರರೂ ಇಲ್ಲದ ಸಂಸ್ಥೆ ಈ ವ್ಯವಸ್ಥೆಯೊಳಗೆ ಬರುವುದಿಲ್ಲ. ನಮ್ಮ ಕಡೆಯ ಮಾಲಕರಲ್ಲಿ ಹೆಚ್ಚಿನವರು ಒಂದೆರಡು ಗಾಡಿಯವರು. ಅವರ ಹತ್ತಿರ ಕಲಿಯುವ ಹುಡುಗನನ್ನು ಸರಕಾರದ ಯೋಜನೆ ಮುಟ್ಟುವುದಿಲ್ಲ. ಅಲ್ಲಿಯೇ ಟ್ರಸ್ಟ್ ಕೈ ಚಾಚಬೇಕು.

ಹೇಗೆ? ನನ್ನ ಸಲಹೆ ಇದು. 18ರ ತನಕ ಹುಡುಗ ಶಾಲೆಯಲ್ಲೇ ಇರಲಿ, ಕನಿಷ್ಠ ಎಸ್ಸೆಸ್ಸೆಲ್ಸಿ ಮುಗಿಸಲಿ. ಇ-ವೇ ಬಿಲ್ ಓದಲು, ಫಾಸ್ಟ್ಯಾಗ್ ಲೆಕ್ಕ ನೋಡಲು, ಬೇರೆ ರಾಜ್ಯದ ಚೆಕ್‌ಪೋಸ್ಟಿನಲ್ಲಿ ಉತ್ತರ ಕೊಡಲು ಅಕ್ಷರ ಬೇಕು. 18ಕ್ಕೆ ಲಘು ವಾಹನದ ಲೈಸೆನ್ಸ್. 18ರಿಂದ 20ರ ತನಕದ ಎರಡು ವರ್ಷವೇ ಹುಡುಗರು ದಾರಿ ತಪ್ಪುವ ಕಾಲ. ಆಗ ಗ್ಯಾರೇಜಿನಲ್ಲಿ ಬ್ರೇಕ್, ಟೈರ್, ವಯರಿಂಗ್ ಕೆಲಸ ಕಲಿಯಲಿ, ಪ್ರಥಮ ಚಿಕಿತ್ಸೆ ಕಲಿಯಲಿ, ಆ ಅವಧಿಗೆ ಟ್ರಸ್ಟ್ ಸಣ್ಣ ಸ್ಟೈಪೆಂಡ್ ಕೊಡಲಿ. 20 ತುಂಬಿದ ಮೇಲೆ ಮಾನ್ಯತೆ ಪಡೆದ ಕೇಂದ್ರದ ಶುಲ್ಕ, ಊಟ, ವಸತಿಯನ್ನು ಟ್ರಸ್ಟ್ ನೋಡಿಕೊಳ್ಳಲಿ. ಲೈಸೆನ್ಸ್ ಬಂದ ಬಳಿಕ ಒಂದು ವರ್ಷ ಹಿರಿಯ ಡ್ರೈವರ್ ಜೊತೆ. ಆ ಉಸ್ತಾದನಿಗೂ ಒಂದು ಗೌರವಧನ ಇರಲಿ. ಪಣಂಬೂರಿನ ಬಂದರು, ತೈಲ ಮತ್ತು ಅನಿಲದ ಟ್ಯಾಂಕರುಗಳು ನಮ್ಮ ಕಣ್ಣೆದುರಿಗೇ ಇವೆ. ಅಪಾಯಕಾರಿ ಸರಕು ಸಾಗಿಸಲು ಪ್ರತ್ಯೇಕ ತರಬೇತಿ ಮತ್ತು ಲೈಸೆನ್ಸಿನಲ್ಲಿ ಅದರ ನಮೂದು ಬೇಕು. ಅನುಭವ ಬಂದ ಮೇಲೆ ಅದಕ್ಕೂ ಸಹಾಯ ಮಾಡಿದರೆ ಹುಡುಗನ ದುಡಿಮೆ ಒಂದು ಮೆಟ್ಟಿಲು ಏರುತ್ತದೆ. ಯಾವ ನಿಧಿಯಿಂದ ಕೊಡಬೇಕು ಎಂಬುದನ್ನು ಉಲಮಾಗಳನ್ನು ಕೇಳಿ ಆಡಳಿತ ಮಂಡಳಿ ತೀರ್ಮಾನಿಸಲಿ.

ಸಭೆಯಲ್ಲಿ ಲಾರಿ ಮಾಲಕರೂ ಇದ್ದೀರಿ, ನಿಮ್ಮಲ್ಲೂ ಒಂದು ವಿನಂತಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿತ್ತು. 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದಿತ್ತು. ಎಷ್ಟು ಚೆನ್ನಾಗಿ ಕಲಿಸಿದರೂ ನಿದ್ದೆಗೆಟ್ಟವನಿಗೆ ಕಲಿತದ್ದು ನೆನಪಾಗುವುದಿಲ್ಲ. "ಬೆಳಿಗ್ಗೆಯೊಳಗೆ ಮುಟ್ಟಬೇಕು" ಎಂದು ಫೋನಿನಲ್ಲಿ ಗದರಿಸುವ ಮೊದಲು ಅವನು ಯಾವಾಗ ಮಲಗಿದ್ದ ಎಂದು ಕೇಳಿ.

ತಾಯಂದಿರೇ, ಡ್ರೈವರ್ ಎಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಕಾಲವಿದು. ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಊರಿಗೆ ಅಕ್ಕಿ, ಔಷಧಿ, ಗ್ಯಾಸ್ ಬರುವುದು ಅವನ ಕೈಯಿಂದ. ಇನ್ನೊಬ್ಬರ ಲಕ್ಷಾಂತರ ರೂಪಾಯಿಯ ಸರಕು ಅವನ ಕೈಯಲ್ಲಿ ಅಮಾನತ್ತು. ರಸ್ತೆಯಲ್ಲಿ ಸಿಗುವ ಪ್ರತಿಯೊಬ್ಬರ ಪ್ರಾಣವೂ ಅಮಾನತ್ತು. ಅದನ್ನು ಕಾಯುವಂತೆ ಮಗನನ್ನು ತಯಾರು ಮಾಡಿದರೆ ನೀವು ತಲೆಯೆತ್ತಿ ಹೇಳಬಹುದು, ನನ್ನ ಮಗ ಡ್ರೈವರ್ ಎಂದು.

ಮುಂದಿನ ವರ್ಷ ಇದೇ ವೇದಿಕೆಯಲ್ಲಿ ಹೆಸರು ಕರೆಯುವಾಗ ಕೋರ್ಸಿನ ಕಾಲಂನಲ್ಲಿ "ಘನ ವಾಹನ ಚಾಲನೆ" ಎಂದೂ ಓದುವಂತಾಗಲಿ. ಹತ್ತು ಹುಡುಗರು ಸಾಕು, ಐವರಾದರೂ ಸಾಕು. ಅವರ ಜವಾಬ್ದಾರಿ ಹೊರಲು ದಾನಿಗಳು ಮುಂದೆ ಬನ್ನಿ. ಪಾಠ ಹೇಳಿಕೊಡಲು ನಾನು ಬರುತ್ತೇನೆ, ಅದಕ್ಕೆ ಸಂಬಳ ಬೇಡ.

ಅಲ್ಲಾಹನು ನಮ್ಮ ಮಕ್ಕಳ ಪ್ರಯಾಣವನ್ನು ಸುಖಕರವಾಗಿಸಲಿ.