ಸಮಾಜದ ಧನವೂ ಲೆಕ್ಕದ ಶುದ್ಧಿಯೂ

 

ಸವದತ್ತಿ ಸೀಮೆಯ ಸಿರಸಂಗಿಯ ಹೆಸರೆತ್ತಿದೊಡನೆ ಲಿಂಗಾಯತ ಸಮಾಜದ ಸ್ಮೃತಿಪಟಲದಲ್ಲಿ ಮೂಡುವವರು ತ್ಯಾಗವೀರ ಲಿಂಗರಾಜ ದೇಸಾಯಿಯವರು. 1861ರಲ್ಲಿ ಜನಿಸಿ 1906ರಲ್ಲಿ ಲಿಂಗೈಕ್ಯರಾದ ಈ ಮಹನೀಯರು 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು. ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಬಡಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು ನಡೆದವರು. ಬೆಳಗಾವಿಯಲ್ಲಿ 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜಿಗೆ ಇವರ ನಾಮಧೇಯವನ್ನೇ ಇರಿಸಿತು.

ಅವರ ತ್ಯಾಗವನ್ನು ಕೊಂಡಾಡುವ ಭಾಷಣಗಳು ಅನೇಕವಾಗಿವೆ. ಆದರೆ ಅವರು ಕೊಟ್ಟ ರೀತಿಯ ಕಡೆಗೆ ದೃಷ್ಟಿಯನ್ನು ಹರಿಸಿದವರು ವಿರಳ. ಅವರು ಆಪ್ತನೊಬ್ಬನ ಕೈಯಲ್ಲಿ ಗಂಟನ್ನಿಟ್ಟು “ನೋಡಿಕೊಂಡು ಹೋಗು” ಎನ್ನಲಿಲ್ಲ. ಉದ್ದೇಶವನ್ನು ಬರೆದರು, ಪಾತ್ರರು ಯಾರೆಂಬುದನ್ನು ಬರೆದರು, ಆಸ್ತಿಯು ಟ್ರಸ್ಟಿನ ರೂಪವನ್ನು ತಾಳುವಂತಾಯಿತು. ಇದರ ಅಗತ್ಯವೇನೆಂಬುದನ್ನು ತುಸು ವಿಚಾರಿಸಬೇಕು. ಕೊಟ್ಟ ಪುಣ್ಯಾತ್ಮನು ಲಿಂಗೈಕ್ಯನಾದ ಬಳಿಕ ಬಂದು “ನನ್ನ ಹಣವೆಲ್ಲಿ” ಎಂದು ಕೇಳಲಾರನು. ಪಡೆಯತಕ್ಕ ಬಾಲಕನಿಗೆ ತನಗೆ ಬರಬೇಕಾದದ್ದೆಷ್ಟು ಎಂಬುದೇ ತಿಳಿಯದು. ಹತ್ತು ರೂಪಾಯಿಯ ಬದಲು ಎರಡು ಕೊಟ್ಟರೂ ಕೈಮುಗಿದು ಹೋಗುವನು. ಕೇಳಲಾರದವನಿಗೂ ಕೇಳಲರಿಯದವನಿಗೂ ನಡುವೆ ನಿಂತು ಹಣವನ್ನು ದಾಟಿಸತಕ್ಕವರು ವಿಶ್ವಸ್ತರು. ಖಾಸಗಿ ಸಾಹುಕಾರನ ಗುಮಾಸ್ತನು ತಪ್ಪಿದರೆ ಸಂಜೆಗೇ ಸಾಹುಕಾರನು ಕಿವಿ ಹಿಂಡುವನು. ಸಾರ್ವಜನಿಕ ಧನಕ್ಕೆ ಅಂಥ ಒಡೆಯನಿಲ್ಲ. ಆದಕಾರಣ ಲೆಕ್ಕದ ಪುಸ್ತಕವೇ ಅಲ್ಲಿ ಒಡೆಯನ ಸ್ಥಾನದಲ್ಲಿರತಕ್ಕದ್ದು.

ಶರಣರ ಚರಿತ್ರೆಯಲ್ಲಿ ಈ ವಿಷಯವು ಹೊಸದಲ್ಲ. ಅಣ್ಣ ಬಸವಣ್ಣನವರು ಕಲ್ಯಾಣದ ಭಂಡಾರಿಗಳು. ಅರಮನೆಯ ಬೊಕ್ಕಸವನ್ನೆಲ್ಲ ಜಂಗಮರಿಗೆ ಸುರಿಯುತ್ತಿರುವರೆಂದು ಕೊಂಡೆಯರು ಬಿಜ್ಜಳನ ಕಿವಿಯಲ್ಲಿ ಊದಿದರು, ಬಿಜ್ಜಳನು ಕೇಳಿದನು, ಬಸವಣ್ಣನವರು ಭಂಡಾರವನ್ನು ತೆರೆಯಿಸಿ ಎಣಿಸಿ ತೋರಿಸಲು ಒಂದು ಹೊನ್ನೂ ಕಡಿಮೆ ಬರಲಿಲ್ಲವೆಂದು ಪುರಾಣಗಳು ಹೇಳುವವು. ಪುರಾಣ ಹೇಳುವವರು ಇದನ್ನು ಪವಾಡವೆಂದು ಹೇಳಿ ಮುಂದಕ್ಕೆ ಸಾಗುವದುಂಟು. ಪವಾಡದ ಮಾತು ಹಾಗಿರಲಿ. ಇಲ್ಲಿ ಲಕ್ಷಿಸತಕ್ಕದ್ದು ಬೇರೊಂದಿದೆ. ಆರೋಪವು ಮತ್ಸರದಿಂದ ಹುಟ್ಟಿದ್ದು, ಸುಳ್ಳಾದದ್ದು. ಆದರೂ ಬಸವಣ್ಣನವರು “ನನ್ನನ್ನೇ ಸಂಶಯಿಸುವಿರಾ” ಎಂದು ಮುನಿಯಲಿಲ್ಲ, ತಮ್ಮ ಭಕ್ತಿಯನ್ನು ಅಡ್ಡ ಹಿಡಿಯಲಿಲ್ಲ; ಬಾಗಿಲನ್ನು ತೆರೆದರು. ಇಂದು ಸಣ್ಣದೊಂದು ಪಂಚ ಕಮಿಟಿಯ ಚೇರಮನ್ನರಿಗೆ ಪಾವತಿಯನ್ನು ತೋರಿಸಿರೆಂದರೆ ಮೂರು ತಿಂಗಳು ಮಾತು ಬಿಡುವರು!

ಆಯ್ದಕ್ಕಿ ಮಾರಯ್ಯನ ಪ್ರಸಂಗವಂತೂ ಇನ್ನೂ ಸೂಕ್ಷ್ಮವಾದದ್ದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಅವನ ಕಾಯಕ. ಒಂದು ದಿನ ನಿತ್ಯಕ್ಕಿಂತ ಅಧಿಕವಾಗಿ ತಂದಾಗ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿ ಕಳವಿನದಲ್ಲ, ಯಾರೂ ದೂರಿರಲಿಲ್ಲ, ಹೆಚ್ಚಾದದ್ದಷ್ಟೇ ದೋಷ. ಅದನ್ನು ಹಿಡಿದವಳು ಸ್ವಂತ ಹೆಂಡತಿ. ಇಂದಿನ ಸಂಸ್ಥೆಗಳಲ್ಲಿ ನೆಂಟಸ್ತಿಕೆಯು ಲೆಕ್ಕವನ್ನು ಮುಚ್ಚಲು ಬಳಕೆಯಾಗುತ್ತಿದ್ದರೆ, ಆ ಗುಡಿಸಲಿನಲ್ಲಿ ನೆಂಟಸ್ತಿಕೆಯೇ ಲೆಕ್ಕವನ್ನು ಕೇಳಿತು.

ಸ್ವಜನಪಕ್ಷಪಾತವು ಯಾವ ದಾರಿಯಿಂದ ಒಳಹೊಗುವದೆಂಬುದನ್ನು ನೋಡಿರಿ. ಮೊದಲು ಸದುದ್ದೇಶದಿಂದಲೇ ಬರುವದು. ಸಂಘವನ್ನು ಕಟ್ಟುವಾಗ ನಂಬಿಗಸ್ತರು ಬೇಕು; ನಂಬಿಗಸ್ತರೆಂದರೆ ಪರಿಚಿತರು; ಪರಿಚಿತರೆಂದರೆ ಬೀಗರು, ಬಿಜ್ಜರು. ಹತ್ತು ವರುಷ ಕಳೆಯುವದರೊಳಗೆ ಅಧ್ಯಕ್ಷರ ಅಳಿಯನು ಕಟ್ಟಡದ ಗುತ್ತಿಗೆದಾರ, ಕಾರ್ಯದರ್ಶಿಯ ಸಡ್ಡಕನು ಗುಮಾಸ್ತ, ಲೆಕ್ಕ ತಪಾಸಣೆಗೆ ಬಂದವನು ಯಾರದೋ ಮನೆಯಲ್ಲಿ ಹೋಳಿಗೆಯುಂಡು ಸಹಿ ಮಾಡಿ ಹೋಗತಕ್ಕವನು. ವಾರ್ಷಿಕ ಸಭೆಯಲ್ಲಿ ಅಢಾವೆ ಪತ್ರಿಕೆಯನ್ನು “ಓದಿದಂತೆ ತಿಳಿಯಲಾಗಿದೆ” ಎಂಬ ಠರಾವಿನಿಂದ ದಾಟಿಸುವರು, ಚಪ್ಪಾಳೆಯಾಗುವದು, ಪಂಕ್ತಿ ಸಿದ್ಧವಾಗಿರುವದು. ಪ್ರಶ್ನೆ ಕೇಳುವವನು ಊಟಕ್ಕೆ ತಡ ಮಾಡಿದ ಪಾಪಿಯಾಗುವನು. ಅಲ್ಲಿರುವವರೆಲ್ಲ ಕಳ್ಳರಲ್ಲ. ಬಹುಜನರು ಸಭ್ಯರೇ, ಆದರೆ ದಾಕ್ಷಿಣ್ಯಕ್ಕೆ ಸಿಕ್ಕಿದ ಸಭ್ಯರು.

ಸಹಕಾರದ ಮೊದಲ ಬೀಜವು ಕನ್ನಡ ನೆಲದಲ್ಲಿಯೇ, 1905ರಲ್ಲಿ, ಗದಗು ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಯತ್ನದಿಂದ ಬಿದ್ದಿತು. ಸಾಲದವನ ಬಡ್ಡಿಗೆ ಸಿಕ್ಕಿ ನರಳುವ ಒಕ್ಕಲಿಗನಿಗೆ ತನ್ನವರ ಹಣದಿಂದಲೇ ಆಸರೆಯಾಗಲೆಂಬುದು ಅದರ ತತ್ವ. ನೆರೆಯವನು ನೆರೆಯವನನ್ನು ಬಲ್ಲನಾದಕಾರಣ ಮೋಸವಾಗದೆಂದು ನಂಬಲಾಗಿತ್ತು. ಆ ಪರಿಚಯವೇ ಕಾಲಾಂತರದಲ್ಲಿ ಕಣ್ಣಿಗೆ ಪರದೆಯಾಗಬಹುದೆಂದು ಆಗ ಎಣಿಸಿದವರು ಕಡಿಮೆ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧವನ್ನು ವಿಧಿಸಿದಾಗ, ಜನ್ಮವಿಡೀ ಉಳಿಸಿದ್ದನ್ನು ಅಲ್ಲಿಟ್ಟಿದ್ದ ವೃದ್ಧರು 35,000 ರೂಪಾಯಿಗಿಂತ ಹೆಚ್ಚು ತೆಗೆಯಲಾರದೆ ಬಾಗಿಲಲ್ಲಿ ನಿಂತರು. ಇಲ್ಲಿ ಭಕ್ತರು ತಿಳಿಯಬೇಕಾದ ಒಂದು ಮಾತುಂಟು: 2020ರಲ್ಲಿ ಐದು ಲಕ್ಷಕ್ಕೆ ಏರಿಸಿದ ಠೇವಣಿ ವಿಮೆಯು ಬ್ಯಾಂಕುಗಳಿಗೆ ಸಲ್ಲುವದೇ ಹೊರತು ಊರೂರಿನ ಪತ್ತಿನ ಸಂಘಗಳಿಗೆ ಸಲ್ಲುವದಿಲ್ಲ. ಅಂಥ ಸಂಘದಲ್ಲಿ ಹಣವಿಟ್ಟ ವಿಧವೆಗೆ ಆಡಳಿತ ಮಂಡಳಿಯ ಪ್ರಾಮಾಣಿಕತೆಯೂ ಸದಸ್ಯರ ಎಚ್ಚರವೂ ಮಾತ್ರವೇ ವಿಮೆ.

ಸರಕಾರದ ಸಂಸ್ಥೆಗಳ ಪಾಡೂ ಬೇರೆಯಲ್ಲ. 2024ರ ಮೇ ತಿಂಗಳಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕ ವಿಭಾಗದ ಅಧಿಕಾರಿಯೊಬ್ಬರು ಶಿವಮೊಗ್ಗೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಬರೆದಿಟ್ಟ ಪತ್ರದಿಂದ 187 ಕೋಟಿ ರೂಪಾಯಿಯು ನಿಯಮ ಮೀರಿ ವರ್ಗವಾದ ಸಂಗತಿಯು ಹೊರಬಿದ್ದಿತು; ಮರುತಿಂಗಳು ಇಲಾಖೆಯ ಮಂತ್ರಿಗಳು ರಾಜೀನಾಮೆಯನ್ನಿತ್ತರು. ಬೇಡರ, ನಾಯಕರ, ಕಾಡಿನ ಜನರ ಏಳಿಗೆಗೆಂದು ಇಟ್ಟ ದುಡ್ಡು ಅದು. ಲೆಕ್ಕಿಗರಿದ್ದರು, ಮೇಲಧಿಕಾರಿಗಳಿದ್ದರು, ಬ್ಯಾಂಕಿನವರಿದ್ದರು. ಆದರೂ ಲೋಕಕ್ಕೆ ಸುದ್ದಿ ತಿಳಿದದ್ದು ಒಂದು ಜೀವವು ಹೋದ ಮೇಲೆ.

ಕಾಯಿದೆಗಳಿಗೇನೂ ಕೊರತೆಯಿಲ್ಲ. ದಿವಾಣಿ ವ್ಯವಹಾರ ಸಂಹಿತೆಯ 92ನೆಯ ಕಲಮು 1908ರಿಂದಲೂ, ಸಾರ್ವಜನಿಕ ಟ್ರಸ್ಟಿನಲ್ಲಿ ಹಿತವುಳ್ಳ ಇಬ್ಬರು ಕೂಡಿ ಅಪ್ಪಣೆ ಪಡೆದು ಕೋರ್ಟಿನಲ್ಲಿ ಲೆಕ್ಕ ಕೇಳಬಹುದೆಂದು ಹೇಳುತ್ತ ಬಂದಿದೆ. ಮುಂಬಯಿ ಪ್ರಾಂತದಲ್ಲಿ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯು ನೋಂದಣಿಯನ್ನೂ ತಪಾಸಣೆಯನ್ನೂ ಕಡ್ಡಾಯ ಮಾಡಿತು. ಗ್ರಾಮ ಪಂಚಾಯತಿಗಳಲ್ಲಿ ವರುಷಕ್ಕೊಮ್ಮೆ ಜಮಾಬಂದಿಯೆಂಬುದಿದೆ. ಈ ಶಬ್ದದ ಹಣೆಬರಹವು ವಿನೋದಕರವಾದದ್ದು: ಇಂಗ್ಲಿಷರ ಕಾಲದಲ್ಲಿ ಜಮಾಬಂದಿಯೆಂದರೆ ಸರಕಾರವು ರೈತನಿಂದ ಬರಬೇಕಾದ ಕಂದಾಯದ ಲೆಕ್ಕವನ್ನು ಮಾಡುವದು, ಈಗ ಅದೇ ಶಬ್ದಕ್ಕೆ ರೈತನು ಪಂಚಾಯತಿಯ ಲೆಕ್ಕವನ್ನು ನೋಡುವದೆಂಬ ಅರ್ಥ. ಶಬ್ದವೇನೋ ತಿರುಗಿ ನಿಂತಿತು. ರೈತನು ಆ ದಿನ ಚಾವಡಿಗೆ ಹೋಗುವದು ಮಾತ್ರ ಅಪರೂಪ.

ಮಠಗಳು ಈ ಮಾತಿಗೆ ಹೊರತೆಂದು ಭಾವಿಸಬಾರದು. ಮಠಕ್ಕೆ ಬರುವ ಜೋಳದ ಚೀಲವು ಒಕ್ಕಲಿಗನ ಬೆವರಿನದು. ಅದು ದಾಸೋಹದ ಧನವಾದ್ದರಿಂದ ಲೆಕ್ಕ ಕೇಳುವದು ಗುರುನಿಂದೆಯೆಂಬ ಭ್ರಾಂತಿಯು ಭಕ್ತರಲ್ಲಿ ಉಂಟು. ಬಿಜ್ಜಳನಿಗೆ ಬಸವಣ್ಣನವರು ತೋರಿಸಿದ್ದನ್ನು ಭಕ್ತರಿಗೆ ತೋರಿಸಲು ಮಠವು ಹಿಂಜರಿಯಬೇಕಾದ ಕಾರಣವಿಲ್ಲ. ಪ್ರಸಾದ ನಿಲಯದಲ್ಲಿ ದಿನಕ್ಕೆ ಎಷ್ಟು ಎಲೆ ಬಿದ್ದವು, ಎಷ್ಟು ಸೇರು ಅಕ್ಕಿ ಹೋಯಿತು ಎಂಬುದನ್ನು ಬರೆದಿಡುವ ಹುಡುಗನೂ ಒಂದು ಕಾಯಕವನ್ನೇ ಮಾಡುತ್ತಿರುವನು.

ಈ ಮಹೋತ್ಸವಕ್ಕೆ ಊರೂರುಗಳಿಂದ ವಂತಿಗೆ ಬಂದಿರುವದು. ಐದು ರೂಪಾಯಿ ಕೊಟ್ಟವರಿದ್ದಾರೆ, ಐದು ಚೀಲ ಕೊಟ್ಟವರಿದ್ದಾರೆ. ಉತ್ಸವವು ಮುಗಿದ ತಿಂಗಳೊಳಗೆ ಜಮಾ-ಖರ್ಚಿನ ಪಟ್ಟಿಯನ್ನು ಮಹಾದ್ವಾರದ ಬಳಿ ಗೋಡೆಗೆ ಅಂಟಿಸತಕ್ಕದ್ದು. ತಪಾಸಣೆ ಮಾಡುವವನು ಕಮಿಟಿಯ ಯಾವ ಸದಸ್ಯನಿಗೂ ನೆಂಟನಾಗಿರಬಾರದು. ಓದು ಬಾರದವರಿಗೆ ಪಾಠಶಾಲೆಯ ವಿದ್ಯಾರ್ಥಿಗಳು ಸೋಮವಾರ ಸಂಜೆಯ ಪ್ರಾರ್ಥನೆಯ ತರುವಾಯ ಅದನ್ನು ಗಟ್ಟಿಯಾಗಿ ಓದಿ ಹೇಳತಕ್ಕದ್ದು, ಐದು ರೂಪಾಯಿಯವನ ಹೆಸರನ್ನೂ ಬಿಡದಂತೆ.