ಬೀದಿಗಳೂ ದಾರಿಹೋಕರೂ



ಬೀದಿಯಲ್ಲಿ ಅಪಘಾತವಾಯಿತೆಂದರೆ ನಾವು ಮೊದಲು ಕೇಳುವುದು, ತಪ್ಪು ಯಾರದು ಎಂದು. ನಡೆಯುವವನು ಅತ್ತಿತ್ತ ನೋಡಲಿಲ್ಲವೆಂದೋ, ಬೈಸಿಕಲ್ಲಿನವನು ಅಡ್ಡ ಬಂದನೆಂದೋ, ಚಾಲಕನು ಮೈಮರೆತನೆಂದೋ ತೀರ್ಪು ಕೊಟ್ಟು ಸುಮ್ಮನಾಗುತ್ತೇವೆ. ಬೀದಿಯನ್ನು ಮಾತ್ರ ಯಾರೂ ವಿಚಾರಣೆಗೆ ಕರೆಯುವುದಿಲ್ಲ. ಈ ಹೊತ್ತು ಅದನ್ನು ಕರೆಯೋಣ.

ಎಲ್ಲರೂ ಎಚ್ಚರದಿಂದಿರಬೇಕಾದುದು ನಿಜವೇ. ಆದರೆ ಮನುಷ್ಯನೆಂದ ಮೇಲೆ ಎಚ್ಚರ ತಪ್ಪುವುದೂ ಸಹಜ. ಮಗುವಿನ ಕಣ್ಣೆಲ್ಲ ಚೆಂಡಿನ ಮೇಲೆ; ಮುದುಕರಿಗೆ ಕಿವಿ ಮಂದ. ಆ ತಪ್ಪಿಗೆ ಪ್ರಾಣವನ್ನೇ ದಂಡವಾಗಿ ತೆರಬೇಕೆ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ವಾಹನದ ವೇಗ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಕಾರಿನ ಚಾಲಕನು ಮಗುವನ್ನು ಕಂಡ ಒಂದು ಸೆಕೆಂಡಿಗೆ ಬ್ರೇಕು ಒತ್ತಿದರೆ, ಒಣ ರಸ್ತೆಯಲ್ಲಿ ಕಾರು ಒಟ್ಟು 13 ಮೀಟರಿನಷ್ಟು ಸಾಗಿ ನಿಲ್ಲುತ್ತದೆ. ವೇಗವು 50 ಆಗಿದ್ದರೋ, ಆ ಒಂದು ಸೆಕೆಂಡಿನಲ್ಲಿಯೇ ಕಾರು ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ. ಮೊದಲನೆಯ ಕಾರು ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಬ್ರೇಕನ್ನೇ ಹಾಕಿರುವುದಿಲ್ಲ!

ಈ ವೇಗವನ್ನು ಬರಿಯ ಫಲಕಗಳು ತಗ್ಗಿಸಲಾರವು. ಅಗಲವಾದ ನೇರ ರಸ್ತೆ ಚಾಲಕನನ್ನು ಓಡೆಂದು ಕರೆಯುತ್ತದೆ; ಕಿರಿದಾದ ಪಥ, ಬಿಗಿಯಾದ ತಿರುವು, ಜನ ದಾಟುವೆಡೆಯಲ್ಲಿ ಎತ್ತರಿಸಿದ ನೆಲ ಇವು ಮೆಲ್ಲಗೆ ಎನ್ನುತ್ತವೆ. ಇದಕ್ಕೆ ನೆದರ್ಲೆಂಡ್ಸ್ ದೇಶವೇ ನಿದರ್ಶನ. ಇಂದು ಬೈಸಿಕಲ್ಲಿನ ನಾಡೆನಿಸಿದ ಅಲ್ಲಿ 1971ರ ಒಂದೇ ವರ್ಷದಲ್ಲಿ 3,000ಕ್ಕೂ ಹೆಚ್ಚು ಮಂದಿ ರಸ್ತೆಗಳಲ್ಲಿ ಮಡಿದರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಗಳು ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂದು ಚಳವಳಿ ಹೂಡಿದರು. ಬೈಸಿಕಲ್ಲಿಗೆ ಬೇರೆಯ ದಾರಿಗಳಾದುವು, ವಸತಿಯ ಬೀದಿಗಳು ಹೊಸ ರೂಪ ತಳೆದುವು. ವಾಹನಗಳು ಅನೇಕ ಪಾಲು ಹೆಚ್ಚಿದರೂ ಸಾವುಗಳು ಮೂರರಲ್ಲಿ ಒಂದು ಪಾಲಿಗಿಂತ ಕೆಳಗಿಳಿದುವು.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಗೆ ಬಲಿಯಾದ ಕಾಲ್ನಡೆಯವರೇ 32,000ಕ್ಕೂ ಹೆಚ್ಚು. ಫುಟ್‌ಪಾತು ಕಡೆಯ ಪಕ್ಷ 1.8 ಮೀಟರ್ ಅಗಲ, ಅಂದರೆ ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಸಾಗುವಷ್ಟು ಇರತಕ್ಕದ್ದೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡವಿದೆ. ನಮ್ಮ ಬೀದಿಯಲ್ಲಿಯೋ, ಆ ಜಾಗದಲ್ಲಿ ವಿದ್ಯುತ್ತಿನ ಪೆಟ್ಟಿಗೆ, ಒಡೆದ ಚಪ್ಪಡಿ, ನಿಲ್ಲಿಸಿದ ಸ್ಕೂಟರು. ಅಜ್ಜಿಯು ಮೊಮ್ಮಗನ ಕೈಹಿಡಿದು ರಸ್ತೆಗಿಳಿಯುವಳು. ಇಳಿದುದು ಅವಳ ತಪ್ಪೆ? ನಾವೇ ಅವಳನ್ನು ಇಳಿಸಿದೆವಲ್ಲವೆ? ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲುಹಾಸಿ ಹೊಸದಾಗಿ ಕಟ್ಟಿದರು. ಅದು ಕೈಲಾಗುವ ಕೆಲಸವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಮೇಲೆ ಅಪಘಾತದ ಸುದ್ದಿಯನ್ನು ಓದಿದಾಗ, ತಪ್ಪು ಯಾರದೆಂದು ಕೇಳುವುದಕ್ಕೆ ಮುನ್ನ, ಆ ಬೀದಿ ಹೇಗಿತ್ತೆಂದು ಕೇಳೋಣ.